ಗಾಳಿಯ ಮೇಲೆ ಗೂಬೆ

ಬೈಕಿನ ಮುಂದಿನ ಡಿಸ್ಕ್ ಬ್ರೇಕ್ ಕೈಕೊಟ್ಟರೆ ಮೊದಲ ಆರೋಪಿ ಗಾಳಿ. ‘ಏರ್ ಹಿಡ್ಕೊಂಡಿದೆ ಸಾರ್, ಬ್ಲೀಡ್ ಮಾಡಿದ್ರೆ ಸರಿಹೋಗುತ್ತೆ’ ಎಂಬ ತೀರ್ಪು ವಿಚಾರಣೆಗೂ ಮುನ್ನವೇ ಹೊರಬೀಳುತ್ತದೆ. ಪಾಪ, ಗಾಳಿಯ ಗುಣವೇ ಬೇರೆ: ಲಿವರ್ ಮೆತ್ತಗಿರುತ್ತದೆ, ನಾಲ್ಕು ಸಲ ಪಂಪ್ ಮಾಡಿದರೆ ಬಿಗಿಯಾಗುತ್ತದೆ. ಒತ್ತಿ ಹಿಡಿದ ಲಿವರ್ ಚುನಾವಣೆ ಮುಗಿದ ಮೇಲಿನ ಭರವಸೆಯಂತೆ ಮೆಲ್ಲಗೆ ಕುಸಿಯುತ್ತಲೇ ಹೋದರೆ, ಹೊರಗೆಲ್ಲೂ ಹನಿ ಸೋರದಿದ್ದರೆ, ಕಳ್ಳ ಬಹುಮಟ್ಟಿಗೆ ಮಾಸ್ಟರ್ ಸಿಲಿಂಡರಿನೊಳಗೇ ಇದ್ದಾನೆ. ಪಿಸ್ಟನ್ನಿನ ಸವೆದ ರಬ್ಬರ್ ಕಪ್, ಆಯಿಲನ್ನು ಮುಂದೆ ದೂಡುವ ಬದಲು ಹಿಂದಕ್ಕೆ ನುಸುಳಲು ಬಿಡುತ್ತಿರುತ್ತದೆ. ಬ್ಲೀಡ್ ಮಾಡಿ ಇದನ್ನು ವಾಸಿಮಾಡಲಾಗದು, ಕಪ್ಪನ್ನೇ ಬದಲಿಸಬೇಕು.

‘ಹಳೇ ಕಪ್ಪನ್ನೇ ಪೆಟ್ರೋಲಿನಲ್ಲಿ ತೊಳೆದು ಹಾಕಿದರಾಗದೇ?’ ಎನ್ನುವ ಮಿತವ್ಯಯಿಗಳಿದ್ದಾರೆ. ಆಗದು, ಪೆಟ್ರೋಲ್ ಕುಡಿದ ಆ ರಬ್ಬರ್ ಉಬ್ಬಿಕೊಳ್ಳುತ್ತದೆ. ತೊಳೆಯುವುದೂ ಸವರುವುದೂ ಹೊಸ ಬ್ರೇಕ್ ಆಯಿಲಿನಲ್ಲೇ ಆಗಬೇಕು. ‘ಹೊಸ ಕಪ್ಪಿನ ಕಿಟ್ ಹಾಕಿದರೂ ಸರಿಹೋಗಲಿಲ್ಲ’ ಎಂಬ ದೂರಿನಲ್ಲಿ ಮಾತ್ರ ಸತ್ಯಾಂಶವಿದೆ. ಸಿಲಿಂಡರಿನ ಒಳಗೋಡೆಯಲ್ಲಿ ಗೀರೋ ತುಕ್ಕಿನ ಗುಳಿಯೋ ಇದ್ದರೆ ಹೊಸ ಕಪ್ಪೂ ಬೇಗ ಹರಿಯುತ್ತದೆ. ಆಗ ಇಡೀ ಅಸೆಂಬ್ಲಿ ಬದಲಿಸುವುದೇ ಅಗ್ಗ. ಆ ಗುಳಿಗೆ ಕಾರಣ ಆಯಿಲ್ ಹೀರಿಕೊಂಡ ತೇವ. ಅದೇ ತೇವ ಆಯಿಲಿನ ಕುದಿಬಿಂದುವನ್ನೂ ಇಳಿಸುತ್ತದೆ: ಡಾಟ್ 4 ದರ್ಜೆಯ ಬ್ರೇಕ್ ಆಯಿಲಿಗೆ ಹೊಸತರಲ್ಲಿ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಕುದಿಬಿಂದು ಇರಬೇಕು, ತೇವ ಹೀರಿದ ಮೇಲೆ 155 ಇದ್ದರೂ ಪಾಸು. ಇನ್ನು, ಲಿವರ್ ಬಿಟ್ಟರೂ ಚಕ್ರ ಹಿಡಿದೇ ಇದ್ದರೆ ಕ್ಯಾಲಿಪರಿಗೆ ಬೈಯುವ ಮೊದಲು ಆಯಿಲ್ ಡಬ್ಬಿಯ ತಳದ ಸೂಜಿಮೊನೆಯಷ್ಟು ಕಿಂಡಿಯನ್ನೊಮ್ಮೆ ನೋಡಿ. ಅದು ಕಟ್ಟಿಕೊಂಡರೆ ಆಯಿಲಿಗೆ ವಾಪಸು ಬರಲು ದಾರಿಯೇ ಇಲ್ಲ. ನೋಡುವಾಗ ಟ್ಯಾಂಕಿನ ಮೇಲೊಂದು ಬಟ್ಟೆ ಹೊದಿಸಿರಿ, ಚೆಲ್ಲಿದ ಬ್ರೇಕ್ ಆಯಿಲ್ ಪೇಂಟನ್ನೇ ಕಿತ್ತುಹಾಕುತ್ತದೆ.