ಇಟಲಿಯ ಹೋಟೆಲೂಟ: ಒಂದು ಮೀಮಾಂಸೆ

ಪ್ರವಾಸಿಯು ಸ್ವದೇಶದಲ್ಲಿ ಹಸಿವಾದಾಗ ಉಣ್ಣುತ್ತಾನೆ, ಇಟಲಿಯಲ್ಲಿ ಬಾಗಿಲು ತೆರೆದಾಗ ಉಣ್ಣುತ್ತಾನೆ. ಅಲ್ಲಿನ ರೆಸ್ಟೊರೆಂಟುಗಳ ಒಲೆ ಸಾಮಾನ್ಯವಾಗಿ ಮಧ್ಯಾಹ್ನ ಎರಡೂವರೆ, ಮೂರಕ್ಕೆ ಆರಿದರೆ ಮತ್ತೆ ಹೊತ್ತುವುದು ಸಂಜೆ ಏಳರ ಮೇಲೆ. ನಡುವಿನ ಅವಧಿಯನ್ನು, ಅಂದರೆ ಮೈಸೂರು ಸೀಮೆಯ ಜಠರಕ್ಕೆ ಬೋಂಡಾ ನೆನಪಾಗುವ ಹೊತ್ತನ್ನು, ಈ ಶಾಸ್ತ್ರದಲ್ಲಿ ಶೂನ್ಯಕಾಲವೆಂದು ಕರೆಯಬಹುದು. ಅದರ ಪರಿಹಾರಕ್ಕೆ ಕೋಡುಬಳೆ, ಗೊಜ್ಜವಲಕ್ಕಿ ವಿಧಿಸಲ್ಪಟ್ಟಿವೆ. ಇವನ್ನು ಸೂಟ್‌ಕೇಸಿನಲ್ಲಿ ಸ್ವೆಟರುಗಳ ನಡುವೆ ಪ್ರತಿಷ್ಠಾಪಿಸುವ ಕ್ರಮವು ಅಜ್ಜಿಯರಿಂದ ಮೌಖಿಕವಾಗಿ ಬಂದದ್ದು.

ಇನ್ನು ಜಲಪ್ರಕರಣ. ಕೂತೊಡನೆ ಮಾಣಿಯು ಲೋಟ ಕುಕ್ಕುತ್ತಾನೆಂಬ ನಂಬಿಕೆಯನ್ನು ವಿಮಾನದಲ್ಲೇ ಬಿಟ್ಟಿಳಿಯತಕ್ಕದ್ದು. ನೀರು ಎರಡು ಬಗೆ: ನತುರಾಲೆ, ಫ್ರಿಜ್ಜಾಂತೆ. ಎರಡನೆಯದು ಸೋಡಾ, ನಿಂಬೆಹಣ್ಣೂ ಉಪ್ಪೂ ಇಲ್ಲದ ಕಾರಣ ಅದಕ್ಕೆ ಆ ಪದವಿ ಕೊಡಲು ಗಾಂಧಿಬಜಾರ್ ಪಂಥದವರು ಒಪ್ಪುವುದಿಲ್ಲ. ಎರಡಕ್ಕೂ ಬಿಲ್ಲುಂಟು. ರೋಮ್ ನಗರದಲ್ಲಾದರೆ ಬಾಗಿಲಾಚೆಯ ಬೀದಿಯಲ್ಲಿ 1870ರ ದಶಕದಿಂದಲೂ ‘ನಾಸೋನಿ’ ಎಂಬ ದೊಡ್ಡ ಮೂಗಿನ ನಲ್ಲಿಗಳು ಕುಡಿಯುವ ನೀರನ್ನು ಪುಕ್ಕಟೆ ಸುರಿಸುತ್ತಲೇ ಇವೆ.

ಕಾಫಿಯ ವಿಷಯ ಸೂಕ್ಷ್ಮ. ಕೌಂಟರಿನ ಬಳಿ ನಿಂತು ಕುಡಿದರೆ ಒಂದು ದರ, ಮೇಜಿಗೆ ಕೂತರೆ ಅದಕ್ಕಿಂತ ಹೆಚ್ಚು. ನಿಂತು ಕುಡಿಯುವ ವಿದ್ಯೆಯಲ್ಲಿ ದರ್ಶಿನಿಗಳಲ್ಲಿ ಪಳಗಿದ ಬೆಂಗಳೂರಿಗನಿಗೆ ಸಮಾನರಿಲ್ಲ. ಆದರೂ ಅವನು ಕೂರುತ್ತಾನೆ. ‘ಲಕ್ಷಗಟ್ಟಲೆ ಖರ್ಚು ಮಾಡಿ ಬಂದು ನಿಲ್ಲುವುದೆ?’ ಎಂಬುದು ಪೂರ್ವಪಕ್ಷ. ಸಿದ್ಧಾಂತವು ಬಿಲ್ಲಿನೊಂದಿಗೆ ಬರುತ್ತದೆ. ವೆನಿಸಿನ ಸಾನ್ ಮಾರ್ಕೊ ಚೌಕದಲ್ಲಿ 1720ರಿಂದ ಇರುವ ಫ್ಲೋರಿಯಾನ್ ಕೆಫೆಯ ಹೊರಗಿನ ಮೇಜುಗಳಲ್ಲಿ, ವಾದ್ಯಗೋಷ್ಠಿ ನಡೆಯುವಾಗ ಸಂಗೀತಕ್ಕೂ ತಲಾ ಇಷ್ಟೆಂದು ಸೇರುತ್ತದೆ. ಕಿವಿ ಮುಚ್ಚಿಕೊಂಡವರಿಗೆ ರಿಯಾಯಿತಿ ಉಂಟೇ ಎಂಬ ಪ್ರಶ್ನೆಯನ್ನು ಶಾಸ್ತ್ರವು ಎತ್ತುವುದಿಲ್ಲ. ಎಸ್ಪ್ರೆಸೊ ಎಂದರೆ ಸುಮಾರು 30 ಮಿಲಿಲೀಟರು. ಬೈ ಟೂ ಮಾಡಿದರೆ ತಲಾ 15. ಅದು ಕಾಫಿಯಲ್ಲ, ತೀರ್ಥ, ಉದ್ಧರಣೆಯಲ್ಲೇ ಕೊಡಬೇಕಾದದ್ದು. ಹಾಲು ಬೆರೆತದ್ದು ಬೇಕೆಂದು ಬರೀ ‘ಲಾತೆ’ ಕೇಳಿದವನಿಗೆ ಬರೀ ಹಾಲು ಸಿಗುತ್ತದೆ, ಏಕೆಂದರೆ ಆ ಭಾಷೆಯಲ್ಲಿ ಹಾಲಿಗೇ ಆ ಹೆಸರು.

ಸಸ್ಯಾಹಾರಿಯ ಸ್ಥಿತಿ ಇನ್ನೂ ವಿಚಿತ್ರ. ಪಿಜ್ಜಾ ಪಟ್ಟಿಯಲ್ಲಿ ‘ಪೆಪೆರೋನಿ’ ಕಂಡು ಅಮೆರಿಕದ ಮಾಂಸದ ತುಣುಕೆಂದು ಅವನು ಹೌಹಾರುತ್ತಾನೆ. ಇಟಲಿಯಲ್ಲಿ ಅದು ದೊಣ್ಣೆಮೆಣಸಿನಕಾಯಿ. ಅದನ್ನು ತಪ್ಪಿಸಿಕೊಂಡ ನೆಮ್ಮದಿಯಲ್ಲಿ ಪಾಸ್ತಾದ ಮೇಲೆ ಪಾರ್ಮಿಜಾನೊ ಚೀಸನ್ನು ಧಾರಾಳವಾಗಿ ಉದುರಿಸಿಕೊಳ್ಳುತ್ತಾನೆ. ಆ ಚೀಸಿಗೆ ಹೆಪ್ಪು ಹಾಕುವುದು ಕರುವಿನ ಜಠರದಿಂದ ತೆಗೆದ ಕಿಣ್ವದಿಂದ. ಅರಿಯದೆ ಉಂಡದ್ದಕ್ಕೆ ದೋಷವಿಲ್ಲವೆನ್ನುವವರು ಈ ವಾಕ್ಯವನ್ನು ಓದಿರಬಾರದಿತ್ತು.

ಕೊನೆಯದು ಬಿಲ್ಲು. ಅದರ ತಲೆಯಲ್ಲಿ ‘ಕೊಪೆರ್ತೊ’ ಎಂಬ ಸಾಲಿರುವುದುಂಟು: ಮೇಜುಬಟ್ಟೆ, ತಟ್ಟೆ, ಬ್ರೆಡ್ಡಿನ ಬಾಬ್ತು ತಲೆಗಿಷ್ಟೆಂದು. ಬ್ರೆಡ್ಡನ್ನು ಮುಟ್ಟದವನಿಗೂ ತಲೆಯಂತೂ ಇದ್ದೇ ಇರುವುದರಿಂದ ವಾದಕ್ಕೆ ಆಸ್ಪದವಿಲ್ಲ. ದರ್ಶಿನಿಯಲ್ಲಿ ಮೊದಲು ಟೋಕನ್, ಆಮೇಲೆ ತಿಂಡಿ. ಇಲ್ಲಿ ಊಟ ಮುಗಿದರೂ ಬಿಲ್ಲು ತಾನಾಗಿ ಬರುವುದಿಲ್ಲ. ಕೇಳದೆ ತಂದರೆ ಅತಿಥಿಯನ್ನು ಎಬ್ಬಿಸಿದಂತೆ. ‘ಇಲ್ ಕೊಂತೊ’ ಎಂದು ಬಾಯಿಬಿಟ್ಟು ಕೇಳಬೇಕು. ಕೇಳಿದ ಮೇಲೂ ಹೊತ್ತು ಹಿಡಿಯುತ್ತದೆ. ಉಳಿದ ಕೋಡುಬಳೆಗೆ ಅದೇ ಸಕಾಲ.