ನನ್ ಲ್ಯಾಪ್‌ಟಾಪಲ್ಲಿ ಬತ್ತದಲ್ಲಣ್ಣ!

ಚನ್ನಪಟ್ಟಣದ ಬೊಂಬೆ ಅಂಗಡಿ, ರಾಮನಗರದ ರೇಷ್ಮೆ ನೂಲಿನ ವ್ಯಾಪಾರ, ಕನಕಪುರದ ಗ್ರಾನೈಟು, ಮಾಗಡಿಯ ಛತ್ರ, ಎಲ್ಲಕ್ಕೂ ಒಂದೇ ವೆಬ್‌ಸೈಟು. ಬಣ್ಣ ಮಾತ್ರ ಬೇರೆ. ಮಾಡಿಕೊಟ್ಟವನು ಟೆಂಪ್ಲೇಟ್ ಅಣ್ಣ. ಇಂಥವನೊಬ್ಬ ಎಲ್ಲ ತಾಲ್ಲೂಕಿನಲ್ಲೂ ಸಿಗುತ್ತಾನೆ. ಟೆಂಪ್ಲೇಟು ಇಂಟರ್ನೆಟ್ಟಿನಿಂದ ಪುಕ್ಕಟೆ ಇಳಿಸಿದ್ದು, ಅದರಲ್ಲಿ ಹೆಡ್‌ಫೋನ್ ಹಾಕಿಕೊಂಡು ನಗುವ ಬಿಳಿ ಹುಡುಗಿಯೂ ಪುಕ್ಕಟೆ. ಆಕೆ ಚನ್ನಪಟ್ಟಣದಲ್ಲಿ ಬೊಂಬೆ ಮಾರುತ್ತಾಳೆ, ಮಾಗಡಿಯಲ್ಲಿ ಛತ್ರ ಬಾಡಿಗೆಗೆ ಕೊಡುತ್ತಾಳೆ. ಕೆಳಗೆ ಜಾಗ ತುಂಬಿಸಲು ಹಾಕಿದ್ದ ‘ಲೋರೆಮ್ ಇಪ್ಸಮ್’ ಎಂಬ ಅರ್ಥವಿಲ್ಲದ ಸಾಲು ಹಾಗೇ ಉಳಿದಿದೆ. ಏನಪ್ಪಾ ಅದು ಎಂದರೆ, ‘ಟರ್ಮ್ಸ್ ಅಂಡ್ ಕಂಡೀಷನ್ಸು’ ಎನ್ನುತ್ತಾನೆ.

2023ರಲ್ಲಿ ಬೆಂಗಳೂರು–ಮೈಸೂರು ದಶಪಥ ಊರಾಚೆಯೇ ಹಾದುಹೋದ ಮೇಲೆ ಇವನ ದೆಸೆ ತಿರುಗಿತು. ಹಳೆ ಹೆದ್ದಾರಿಯಲ್ಲಿ ಕಾರು ನಿಲ್ಲಿಸಿ ಬೊಂಬೆ ಕೊಳ್ಳುತ್ತಿದ್ದವರು ಕಡಿಮೆಯಾದರು. ‘ಗಿರಾಕಿ ಬೈಪಾಸಲ್ಲಿ ಹೋದ್ರೆ ಹೋಗ್ಲಿ ಬಿಡಣ್ಣ, ಗೂಗಲ್ಲಲ್ಲಿ ಹಿಡಿಯವ’ ಎಂದು ಅಡ್ವಾನ್ಸು ಈಸಿಕೊಂಡ.

ಸೈಟು ಸಿದ್ಧವಾದ ದಿನ ಅಂಗಡಿಯವರು ಅರಗಿನ ಬಣ್ಣ ಮೆತ್ತಿದ ಬೆರಳಲ್ಲಿ ಫಾರ್ಮಿನ ‘ಸೆಂಡ್’ ಒತ್ತಿದರು. ಎನ್‌ಕ್ವೈರಿ ಹೋಗಲಿಲ್ಲ, ಬದಲಿಗೆ ಯಾವುದೋ ಫೈಲು ಫೋನಿಗೆ ಇಳಿಯಿತು. ‘ಕ್ಯಾಟಲಾಗ್ ಡೌನ್‌ಲೋಡ್’ ಒತ್ತಿದರು, 404 ಎಂಬ ಅಂಕಿ ಬಂತು. ‘ಕಳ್ಸು ಅಂದ್ರೆ ಇಳಿಸ್ತದೆ, ಇಳ್ಸು ಅಂದ್ರೆ ಇಲ್ಲ ಅಂತದೆ. ಏನ್ಲಾ ಇದು?’

ಕಾರಣ ಸರಳ. ಫಾರ್ಮಿನ ಹಿಂದಿನ ಕೆಲಸ ಮಾಡುವುದು ಪಿಎಚ್‌ಪಿ ಫೈಲು. ಅವನು ಹಿಡಿದಿದ್ದ ಬಿಟ್ಟಿ ಹೋಸ್ಟಿಂಗಿನಲ್ಲಿ ಪಿಎಚ್‌ಪಿ ನಡೆಯುವುದಿಲ್ಲ. ಆ ಸರ್ವರು ಫೈಲನ್ನು ಓಡಿಸಲಾರದೆ ಗಿರಾಕಿಯ ಕೈಗೇ ಕೊಟ್ಟು ಕೈತೊಳೆದುಕೊಂಡಿತು. ಕ್ಯಾಟಲಾಗಿನ ಹೆಸರಲ್ಲಿ ಇಂಗ್ಲಿಷಿನ ದೊಡ್ಡ ‘ಸಿ’, ಲಿಂಕಿನಲ್ಲಿ ಚಿಕ್ಕ ‘ಸಿ’. ಅವನ ವಿಂಡೋಸಿಗೆ ಎರಡೂ ಒಂದೇ, ಸರ್ವರಿನ ಲಿನಕ್ಸಿಗೆ ಬೇರೆ ಬೇರೆ. ಇದನ್ನು ಅವನಿಗೆ ಯಾರು ಹೇಳಬೇಕು? ಅವನ ಪ್ರಕಾರ ತಪ್ಪು ಮೊದಲು ಫೋನಿನದು, ಆಮೇಲೆ ಜಿಯೋದು, ಆಮೇಲೆ ಸರ್ವರಿನದು. ‘ಕ್ಯಾಶೆ ಕ್ಲಿಯರ್ ಮಾಡಣ್ಣ’ ಎಂಬುದು ಸರ್ವರೋಗಕ್ಕೂ ಮದ್ದು. ಅದೂ ಹತ್ತದಿದ್ದರೆ ಬ್ಯಾಗು ತೆರೆದು, ‘ನನ್ ಲ್ಯಾಪ್‌ಟಾಪಲ್ಲಿ ಬತ್ತದಲ್ಲಣ್ಣ!’ ಎನ್ನುತ್ತಾನೆ. ಬೆಂಗಳೂರಿನ ದೊಡ್ಡ ಕಂಪನಿಗಳ ಇಂಜಿನಿಯರುಗಳು ಹೇಳುವುದೂ ಇದನ್ನೇ. ಇವನಾದರೋ ಲ್ಯಾಪ್‌ಟಾಪು ತೋರಿಸಲು ಬಿಸಿಲಲ್ಲಿ ಬೈಕು ಹತ್ತಿ ಬರುತ್ತಾನೆ, ಆ ಮಟ್ಟಿಗೆ ಮೇಲು.

ವಿಳಾಸದ್ದು ಇನ್ನೊಂದು ರಾಮಾಯಣ. ಟೆಂಪ್ಲೇಟು ಅಮೆರಿಕದ್ದು, ಅಲ್ಲಿನ ಜಿಪ್ ಕೋಡು ಐದಂಕಿ. ಚನ್ನಪಟ್ಟಣದ 562160 ಹೊಡೆದರೆ ಐದಕ್ಕೇ ನಿಂತುಬಿಡುತ್ತಿತ್ತು. ‘ಕೊನೇದು ಸೊನ್ನೆ ತಾನೆ ಅಣ್ಣ, ಅದ್ಕೇನು ಬೆಲೆ?’ ಎಂದ. ಮಾಗಡಿಯ 562120ಕ್ಕೂ ಅದೇ ನ್ಯಾಯ ನಡೆಯಿತು. ಕನಕಪುರದ 562117 ಬಂದಾಗ ಮಾತ್ರ ತಲೆ ಕೆರೆದುಕೊಂಡ. ರಾಜ್ಯಗಳ ಪಟ್ಟಿಯಿಂದ ಅಲಬಾಮಾವನ್ನು ಓಡಿಸಿ ನಮ್ಮ ಜಿಲ್ಲೆಗಳನ್ನು ತುಂಬಿದ್ದೂ ಆಯಿತು. ಬೆಂಗಳೂರು ಗ್ರಾಮಾಂತರದಲ್ಲಿದ್ದ ಊರು 2007ರಲ್ಲಿ ರಾಮನಗರ ಜಿಲ್ಲೆಗೆ ಸೇರಿತು, 2025ರಲ್ಲಿ ಆ ಜಿಲ್ಲೆ ಬೆಂಗಳೂರು ದಕ್ಷಿಣವಾಯಿತು. ಯಾವುದಕ್ಕೂ ಇರಲಿ ಎಂದು ಮೂರನ್ನೂ ಹಾಕಿದ. ಈ ಒಂದು ವಿಷಯದಲ್ಲಿ ಅವನನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ.

ಕೊನೆಗೆ ಫಾರ್ಮನ್ನೇ ಕಿತ್ತು ಹಸಿರು ವಾಟ್ಸಾಪ್ ಬಟನ್ ಕೂರಿಸಿದ. ಅದನ್ನೇ ಎಲ್ಲ ಸೈಟುಗಳಿಗೂ ಕಾಪಿ ಹೊಡೆದ, ನಂಬರು ಸಮೇತ. ಮಾರನೆಯ ವಾರ ಅಂಗಡಿಯವರ ಫೋನು:

‘ಲೇ, ಯಾರೋ ಮಾಗಡಿಯೋರು ಒಂದು ಪಂಕ್ತಿಗೆ ಎಷ್ಟು ಎಲೆ ಹಾಕ್ಬೋದು ಅಂತ ಕೇಳ್ತಾವ್ರಲ್ಲೋ!’

‘ಬಂತಲ್ಲಣ್ಣ ಎನ್‌ಕ್ವೈರಿ! ಫಾರ್ಮಲ್ಲಿ ಒಂದಾದ್ರೂ ಬಂದಿತ್ತಾ?’