ಅರ್ಜಿ ಕಾಕಾ

ಲಕ್ಷ್ಮೇಶ್ವರ ಪುರಸಭೆಯ ಮುಂದೊಬ್ಬರು, ಶಿರಹಟ್ಟಿ ಪಟ್ಟಣ ಪಂಚಾಯಿತಿಯ ಕಟ್ಟೆಯ ಮೇಲೊಬ್ಬರು, ಮುಂಡರಗಿ ಬಸ್‌ಸ್ಟ್ಯಾಂಡಿನ ಚಾದಂಗಡಿಯಲ್ಲೊಬ್ಬರು ಇದ್ದೇ ಇರುತ್ತಾರೆ. ಗದಗ-ಬೆಟಗೇರಿ ಅವಳಿ ನಗರವಾದ್ದರಿಂದ ಇಲ್ಲಿ ಇಬ್ಬರು. ನಾನು ಹೇಳಹೊರಟಿದ್ದು ಬೆಟಗೇರಿಯವರ ಬಗ್ಗೆ. ಹೆಗಲಿಗೆ ಚೀಲ, ಚೀಲದಲ್ಲಿ ಫೈಲು, ಫೈಲಿನಲ್ಲಿ ಹಿಂಬರಹ, ಕಿಸೆಯಲ್ಲಿ ಅಳತೆ ಟೇಪು. ಹೆಸರು ಏನೇ ಇರಲಿ, ಊರಿಗೆಲ್ಲ ಅರ್ಜಿ ಕಾಕಾ.

ಕಾಕಾ ಮಾತಿಗೆ ಕೂತರೆ ಎದುರಿಗಿದ್ದ ಮಿರ್ಚಿ ತಣ್ಣಗಾಗಿ ಮೆತ್ತಗಾಗುತ್ತದೆ. ಅಂಥವರನ್ನು ಹದಕ್ಕೆ ತಂದದ್ದು ಮಾಹಿತಿ ಹಕ್ಕು. ಕಾಯ್ದೆ ಬಂದದ್ದು 2005ರಲ್ಲಿ. ಒಂದು ಅರ್ಜಿಗೆ ಒಂದೇ ವಿಷಯ, 150 ಶಬ್ದ ಮೀರಬಾರದು ಎಂಬುದು ಕರ್ನಾಟಕದ ನಿಯಮ. ಈ ನಿಯಮ ಮನೆಗೂ ಅನ್ವಯವಾಗಲಿ ಎಂಬುದು ಕಾಕೂ ಅವರ ಬಹುದಿನದ ಬೇಡಿಕೆ. ಅವರ ಮನೆಯ ನಳ ಸೋರುತ್ತಲೇ ಇದೆ. ರಿಪೇರಿಗೆ ಮೂರು ಕೊಟೇಶನ್ ಇನ್ನೂ ಬಂದಿಲ್ಲ!

ಕಾಕಾನ ಪ್ರಿಯ ವಿಷಯ ರಸ್ತೆ. ಡಾಂಬರು ಬೀಳುತ್ತದೆ, ನೀರಿನ ಪೈಪಿಗೆಂದು ಅಗೆಯುತ್ತಾರೆ, ಮುಚ್ಚುತ್ತಾರೆ, ಒಳಚರಂಡಿಗೆಂದು ಮತ್ತೆ ಅಗೆಯುತ್ತಾರೆ. ಹಮ್ಮಿಗಿ ಕಡೆಯಿಂದ ಬರಬೇಕಾದ ತುಂಗಭದ್ರೆ ನೀರಿಗೆ ದಿನ ಎಣಿಸಬೇಕು. ಜೆಸಿಬಿ ಮಾತ್ರ ಇಪ್ಪತ್ನಾಲ್ಕು ತಾಸೂ ಲಭ್ಯ. ಗುತ್ತಿಗೆಯ ಹೊಣೆ ಅವಧಿಯೊಳಗೆ ರಸ್ತೆ ಕೆಟ್ಟರೆ ಗುತ್ತಿಗೆದಾರನೇ ಸರಿಮಾಡಿಕೊಡಬೇಕು. ಆದರೆ ನಡುವೆ ಇನ್ನೊಂದು ಇಲಾಖೆ ಅಗೆದುಬಿಟ್ಟರೆ? ‘ಹಾಳು ಮಾಡಿದವ್ರು ಅವರು’ ಎಂದು ಇವರು, ‘ಮೊದ್ಲ ಹಾಳಾಗಿತ್ತು’ ಎಂದು ಅವರು. ಅಳತೆ ಪುಸ್ತಕದಲ್ಲಿ ದಪ್ಪಗಿದ್ದ ರಸ್ತೆ ಕಾಲ ಕೆಳಗೆ ತೆಳ್ಳಗಾದದ್ದಕ್ಕೆ ಸಾಕ್ಷಿಯೂ ಆ ಮಣ್ಣಿನೊಡನೆ ಟ್ರ್ಯಾಕ್ಟರ್ ಹತ್ತಿ ಹೋಗುತ್ತದೆ. ಅಗೆತವೇ ಉತ್ತಮ ಆಡಿಟ್!

ಅರ್ಜಿಯ ಸಂಚಾರವೂ ಹಾಗೆಯೇ. ಕೇಳಿದ್ದು ಬೇರೆ ಕಚೇರಿಯದಾದರೆ ಐದು ದಿನದೊಳಗೆ ಅಲ್ಲಿಗೆ ಕಳಿಸಬೇಕು ಎನ್ನುತ್ತದೆ ಕಲಂ 6(3). ಇಡೀ ಕಾಯ್ದೆಯಲ್ಲಿ ಕಚೇರಿಗಳು ಪ್ರೀತಿಯಿಂದ ಪಾಲಿಸುವ ಕಲಂ ಇದೊಂದೇ. ನಗರಸಭೆ ನಗರಾಭಿವೃದ್ಧಿ ಪ್ರಾಧಿಕಾರದತ್ತ, ಪ್ರಾಧಿಕಾರ ಜಲಮಂಡಳಿಯತ್ತ, ಅಲ್ಲಿಂದ ಲೋಕೋಪಯೋಗಿಯತ್ತ. ಕಾಕಾ ಧೃತಿಗೆಡುವುದಿಲ್ಲ. 30 ದಿನ ದಾಟಿದರೆ ಪ್ರತಿಗಳನ್ನು ಪುಕ್ಕಟೆ ಕೊಡಬೇಕೆಂಬುದು ಅವರಿಗೆ ಬಾಯಿಪಾಠ. 29ನೇ ದಿನ ಉತ್ತರ ಬಂದರೆ ಅವರಿಗೆ ನಿಜಕ್ಕೂ ಸಿಟ್ಟು: ‘ಒಂದ್ ದಿನಾ ತಡಾ ಮಾಡಾಕ ಏನಾಗಿತ್ರೀ ಇವರಿಗೆ?’

ಇಷ್ಟಕ್ಕೂ ಬಜೆಟ್ಟು, ಖರ್ಚು, ಹೊಣೆಗಾರ ಅಧಿಕಾರಿ ಯಾರೆಂಬುದನ್ನು ಯಾರೂ ಕೇಳದೆಯೇ ಕಚೇರಿ ಪ್ರಕಟಿಸಬೇಕು. ಅದು ಕಲಂ 4. ಎಲ್ಲರೂ ಅದನ್ನು ಪಾಲಿಸಿದ್ದರೆ ಕಾಕಾ ಈ ಹೊತ್ತಿಗೆ ಮೊಮ್ಮಕ್ಕಳೊಡನೆ ಭೀಷ್ಮ ಕೆರೆ ದಂಡೆಯಲ್ಲಿ ಗಾಳಿ ಕುಡಿಯುತ್ತಿದ್ದರು.

ಈಗ ಓಣಿಯವರೆಲ್ಲ ಸಂಜೆ ಅವರ ಕಟ್ಟೆಗೆ ಬರುತ್ತಾರೆ. ‘ಕಾಕಾ, ನಮ್ಮ ಗಟಾರದ್ದೂ ಒಂದ್ ಕೇಳ್ರಿ. ಆದ್ರ ನಮ್ಮ ಹೆಸರು ಹಾಕಬ್ಯಾಡ್ರಿ, ಮೆಂಬರು ನಮ್ಮ ಬೀಗರಾಗಬೇಕು.’ ಟೆಂಡರ್ ತಪ್ಪಿಸಲು ಒಂದು ಕಾಮಗಾರಿಯನ್ನು ಚೂರು ಮಾಡಿ ಬೇಕಾದವರಿಗೆ ಹಂಚುವ ತುಂಡು ಗುತ್ತಿಗೆಯನ್ನು ನಾವೆಲ್ಲ ಬೈಯುತ್ತೇವೆ. ಊರಿನ ಲೆಕ್ಕ ಕೇಳುವ ಕಾಮಗಾರಿಯನ್ನು ಮಾತ್ರ ಸದ್ದಿಲ್ಲದೆ ಕಾಕಾಗೆ ತುಂಡು ಗುತ್ತಿಗೆ ಕೊಟ್ಟು ಕೂತಿದ್ದೇವೆ. ಮುಂಗಡವಿಲ್ಲ, ಬಿಲ್ಲಿಲ್ಲ, ಪೋಸ್ಟಲ್ ಆರ್ಡರಿನ ಹತ್ತು ರೂಪಾಯಿಯೂ ಅವರದೇ.